ವ್ಯಾಂಡಲಿಸಂ: ಒಂದು ಮಾತಿನ ಚರಿತ್ರೆ

ಶಿಲ್ಪದ ಮೂಗನ್ನು ಮುಕ್ಕುಮಾಡಿದವನನ್ನೂ ಪುಸ್ತಕ ಭಂಡಾರದ ಗ್ರಂಥದಿಂದ ಚಿತ್ರಪಟವನ್ನು ಹರಿದುಕೊಂಡವನನ್ನೂ ಇಂಗ್ಲಿಷ್ ಬಲ್ಲವರು ‘ವ್ಯಾಂಡಲ್’ ಎಂದು ಕರೆಯುವುದುಂಟು; ಅವನ ಕೃತ್ಯವೇ ‘ವ್ಯಾಂಡಲಿಸಂ’. ಸುಂದರವಾದ, ಪೂಜ್ಯವಾದ ವಸ್ತುವನ್ನು ಬೇಕೆಂದೇ ಕೆಡಿಸುವುದೆಂದು ಅದರ ಅರ್ಥ. ನಾವೂ ತರಗತಿಯಲ್ಲಿ ಈ ಮಾತನ್ನು ಅನೇಕಾವರ್ತಿ ಬಳಸಿದ್ದೇವೆ. ಆದರೆ ಇದೊಂದು ಜನಾಂಗದ ಹೆಸರೆಂಬುದನ್ನು ಆಗ ನೆನೆದವರಲ್ಲ.

ವ್ಯಾಂಡಲರು ಜರ್ಮಾನಿಕ್ ಕುಲದವರು. ಕ್ರಿ.ಶ. 406ರ ಕೊನೆಯಲ್ಲಿ ರೈನ್ ನದಿಯನ್ನು ದಾಟಿ, ಗಾಲ್ ಮತ್ತು ಸ್ಪೇನ್ ದೇಶಗಳನ್ನು ಹಾದು, 429ರಲ್ಲಿ ಆಫ್ರಿಕಕ್ಕೆ ಇಳಿದರು. 439ರಲ್ಲಿ ಕಾರ್ಥೇಜ್ ನಗರವನ್ನು ಹಿಡಿದರು. 455ರಲ್ಲಿ ಅವರ ದೊರೆ ಗೈಸೆರಿಕನು ರೋಮಿನ ಮೇಲೆ ದಂಡೆತ್ತಿ ಬಂದಾಗ ಮೊದಲನೆಯ ಲಿಯೋ ಪೋಪನು ಅವನನ್ನು ಎದುರ್ಗೊಂಡು, ಕೊಲೆಯೂ ಬೆಂಕಿಯೂ ಬೇಡವೆಂದು ಪ್ರಾರ್ಥಿಸಿದನೆಂದು ಹೇಳುತ್ತಾರೆ. ಹದಿನಾಲ್ಕು ದಿವಸ ಸೂರೆ ನಡೆಯಿತು. ಅರಮನೆಯ ಭಂಡಾರವೂ, ಜೂಪಿಟರ್ ದೇವಾಲಯದ ಚಿನ್ನದ ಮುಲಾಮಿನ ಕಂಚಿನ ಮಾಡಿನಲ್ಲಿ ಅರ್ಧವೂ ಹಡಗನ್ನೇರಿದವು. ವಿಧವೆಯಾದ ಮಹಾರಾಣಿಯೂ ಅವಳ ಇಬ್ಬರು ಪುತ್ರಿಯರೂ ಸೆರೆಹೋದರು. ಇಷ್ಟಾದರೂ ನಗರವು ಉರಿಯದೆ ನಿಂತಿತು. ವ್ಯಾಂಡಲರು ಸಾಧುಗಳೆಂದು ನಮ್ಮ ವಾದವಲ್ಲ. ಆಫ್ರಿಕದಲ್ಲಿ ಅವರು ಕ್ಯಾಥೊಲಿಕ್ ಪಾದ್ರಿಗಳನ್ನು ಪೀಡಿಸಿದುದು ದಿಟ. ಆದರೆ ರೋಮಿನಲ್ಲಿ ಅವರು ಮಾಡಿದುದು ಕೊಳ್ಳೆ. ಕಂಡುದನ್ನೆಲ್ಲ ಒಡೆಯುವ ಹುಚ್ಚಲ್ಲ. 410ರಲ್ಲಿ ಅದೇ ನಗರವನ್ನು ಸೂರೆಮಾಡಿದ ವಿಸಿಗಾಥರ ಹೆಸರು ಇಂಥ ಮಾತಾಗಿ ನಿಲ್ಲಲಿಲ್ಲ.

534ರಲ್ಲಿ ವ್ಯಾಂಡಲರ ರಾಜ್ಯವು ಅಳಿಯಿತು. ತಮ್ಮ ಪಕ್ಷವನ್ನು ಹೇಳುವ ಚರಿತ್ರೆಯೊಂದೂ ಅವರ ನುಡಿಯಲ್ಲಿ ಉಳಿದಿಲ್ಲ. ಸಾವಿರದ ಇನ್ನೂರು ವರ್ಷಗಳಿಗೂ ಮಿಕ್ಕು ಕಳೆದ ಬಳಿಕ ಫ್ರಾನ್ಸಿನಲ್ಲಿ ಮಹಾಕ್ರಾಂತಿಯಾಯಿತು. 1793ರಲ್ಲಿ ಜನರು ಸೇಂಟ್ ಡೆನಿಯಲ್ಲಿದ್ದ ತಮ್ಮ ಅರಸರ ಗೋರಿಗಳನ್ನೇ ಅಗೆದರು. ಎಲ್ಲೆಡೆ ವಿಗ್ರಹಗಳನ್ನೂ ಗ್ರಂಥಗಳನ್ನೂ ಹಾಳುಗೆಡವಿದರು. ಇದನ್ನು ಕಂಡು ನೊಂದ ಗ್ರೆಗ್ವಾರ್ ಎಂಬ ಬಿಷಪ್ಪನು 1794ರಲ್ಲಿ ರಾಷ್ಟ್ರಸಭೆಯ ಮುಂದೆ ಈ ಕೃತ್ಯವನ್ನು ‘ವಾಂಡಲಿಸ್ಮ್’ ಎಂದು ಖಂಡಿಸಿದನು. ಆ ಮಾತು ಕಡಲನ್ನು ದಾಟಿ ಇಂಗ್ಲಿಷಿಗೂ ಬಂದಿತು.

ಅವನ ಉದ್ದೇಶವು ಸ್ತುತ್ಯವಾದುದು. ಆ ನಾಚಿಕೆಯ ಮಾತಿನಿಂದ ಅನೇಕ ಕಲಾವಸ್ತುಗಳಿಗೆ ರಕ್ಷಣೆಯೊದಗಿರಬೇಕು. ಆದರೂ ಒಡೆದವರು ಫ್ರೆಂಚರು. ಅಪವಾದವನ್ನು ಹೊತ್ತವರು, ಉತ್ತರ ಹೇಳಲಾರದ ಸತ್ತ ಜನ. ರೋಮಿನ ಅಮೃತಶಿಲೆಯನ್ನು ಶತಮಾನಗಳ ಕಾಲ ಸುಟ್ಟು ಸುಣ್ಣಮಾಡಿದವರೂ ರೋಮಿನವರೇ.

ನಮ್ಮ ‘ಧ್ವಂಸ’ವು ಕುಸಿದು ನುಚ್ಚಾಗುವುದೆಂಬ ಧಾತುವಿನಿಂದ ಹುಟ್ಟಿದ ಮಾತು; ಅದು ಕೃತ್ಯವನ್ನು ಹೇಳುತ್ತದೆ, ಕುಲವನ್ನು ದೂರುವುದಿಲ್ಲ. ಹಾಳುಗೆಡವುವವನು ಯಾವಾಗಲೂ ಹೊರಗಿನಿಂದಲೇ ಬರುತ್ತಾನೆಂದು ನಂಬಿದ ಮನೆಯಲ್ಲಿ, ಒಳಗಿನವನ ಕೈಯನ್ನು ಹಿಡಿಯುವವರಾರೂ ಇರುವುದಿಲ್ಲ.