ವಿದ್ಯಾರ್ಥಿಗಣನೆಯ ಮೂರು ಅಳತೆಗೋಲುಗಳು: ಮೈಸೂರು, 1919–1975

ವಿಶ್ವವಿದ್ಯಾನಿಲಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ಸ್ಥಾಪನೆ, ಶಾಸನ, ಕಟ್ಟಡ, ವಿದ್ವಾಂಸರು ಇವುಗಳನ್ನೇ ಪ್ರಧಾನವಾಗಿ ಪ್ರಸ್ತಾಪಿಸುವುದುಂಟು. ಅಲ್ಲಿ ಓದಲು ಬಂದವರು ಯಾರು, ಬರಲಾರದೆ ಉಳಿದವರು ಯಾರು ಎಂಬ ಪ್ರಶ್ನೆ ಇವುಗಳಷ್ಟೇ ಮುಖ್ಯವಾದುದು. ಮೈಸೂರು ಸೀಮೆಯಲ್ಲಿ ಈ ಪ್ರಶ್ನೆಗೆ ಅಂಕೆಸಂಖ್ಯೆಗಳ ಮೂಲಕ ಉತ್ತರ ಹುಡುಕುವ ಪ್ರಯತ್ನ ಮೂರು ಬಾರಿ ನಡೆಯಿತು. ಆ ಮೂರು ಸಂದರ್ಭಗಳಲ್ಲಿ ಬಳಸಿದ ಅಳತೆಗೋಲುಗಳು ಏನನ್ನು ತೋರಿಸಿದುವು, ಏನನ್ನು ಮರೆಮಾಡಿದುವು ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೈಸೂರು ವಿಶ್ವವಿದ್ಯಾನಿಲಯವು 1916ನೆಯ ಜುಲೈ 27ರಂದು ಸ್ಥಾಪಿತವಾಯಿತು. ಅದಕ್ಕೆ ಮೊದಲು ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳ ವಿದ್ಯಾರ್ಥಿಗಳು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ಕುಳಿತುಕೊಳ್ಳಬೇಕಾಗಿದ್ದಿತು. ಸಂಸ್ಥಾನಕ್ಕೆ ತನ್ನದೇ ಆದ ವಿಶ್ವವಿದ್ಯಾನಿಲಯ ದೊರೆತ ಎರಡೇ ವರ್ಷಗಳಲ್ಲಿ, ಅದರ ಫಲ ಯಾರಿಗೆ ಸಲ್ಲುತ್ತಿದೆ ಎಂಬ ಚರ್ಚೆ ಪ್ರಬಲವಾಯಿತು. 1911ರ ಜನಗಣತಿಯ ಪ್ರಕಾರ ಸಂಸ್ಥಾನದ ಜನಸಂಖ್ಯೆಯಲ್ಲಿ ಬ್ರಾಹ್ಮಣರು ನೂರಕ್ಕೆ 4ರಷ್ಟೂ ಇರಲಿಲ್ಲ. ಆದರೆ 1918ರಲ್ಲಿ ಗೆಜೆಟೆಡ್ ಹುದ್ದೆಗಳಲ್ಲಿ ನೂರಕ್ಕೆ ಸುಮಾರು 65 ಅವರ ಕೈಯಲ್ಲಿದ್ದುವು. ಉದ್ಯೋಗದ ಈ ಅಸಮತೆಗೆ ವಿದ್ಯೆಯ ಅಸಮತೆಯೇ ತಳಹದಿಯಾಗಿದ್ದಿತು.

ಬ್ರಾಹ್ಮಣೇತರ ಮುಖಂಡರ ಮನವಿಯನ್ನು ಮನ್ನಿಸಿ, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು 1918ರಲ್ಲಿ ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ಮಾರ್ಗ ಸಮ್ಮತವಾಗಿರಲಿಲ್ಲ. ಮೊದಲು ವಿದ್ಯೆ ಹರಡಬೇಕು, ಹುದ್ದೆಗಳಿಗೆ ಯೋಗ್ಯತೆಯೇ ಮಾನದಂಡವಾಗಿರಬೇಕು ಎಂಬುದು ಅವರ ನಿಲುವು. ಆ ವರ್ಷವೇ ಅವರು ಅಧಿಕಾರದಿಂದ ನಿವೃತ್ತರಾದರು. 1919ರಲ್ಲಿ ವರದಿಯನ್ನೊಪ್ಪಿಸಿದ ಸಮಿತಿಯು, ಇಂಗ್ಲಿಷ್ ಅಕ್ಷರಸ್ಥರು ನೂರಕ್ಕೆ 5ಕ್ಕಿಂತ ಕಡಿಮೆಯಿರುವ ಕೋಮುಗಳನ್ನು ಹಿಂದುಳಿದವುಗಳೆಂದು ಪರಿಗಣಿಸಿತು. ಇದು ಮೊದಲನೆಯ ಅಳತೆಗೋಲು. ಇದರಲ್ಲಿ ಶಾಲೆಯ ಬಾಲಕನೂ ವಯೋವೃದ್ಧನೂ ಒಂದೇ ಲೆಕ್ಕಕ್ಕೆ ಸೇರುತ್ತಿದ್ದರು. ಆದುದರಿಂದ ಅದು ಅಳೆದದ್ದು ಹಿಂದಿನ ತಲೆಮಾರುಗಳ ನಷ್ಟವನ್ನು. ಇಂಗ್ಲಿಷ್ ಭಾಷೆಯೇ ಉನ್ನತ ವಿದ್ಯೆಯ ಹೆಬ್ಬಾಗಿಲಾಗಿದ್ದಿತೆಂಬುದೂ ಇದರಿಂದ ಸ್ಪಷ್ಟವಾಗುತ್ತದೆ.

ಆ ಬಾಗಿಲನ್ನು ದಾಟಲು ಪಾಠದಷ್ಟೇ ಅನ್ನ ಮತ್ತು ವಸತಿಗಳೂ ಅಗತ್ಯವಾಗಿದ್ದುವು. ಕಾಲೇಜುಗಳಿದ್ದುದು ಪಟ್ಟಣಗಳಲ್ಲಿ, ರೈತರ ಮಕ್ಕಳಿದ್ದುದು ಹಳ್ಳಿಗಳಲ್ಲಿ. 1906ರಲ್ಲಿ ಸ್ಥಾಪಿತವಾದ ಒಕ್ಕಲಿಗರ ಸಂಘದಂತಹ ಸಂಸ್ಥೆಗಳೂ ಮಠಗಳೂ ನಡೆಸಿದ ವಿದ್ಯಾರ್ಥಿನಿಲಯಗಳ ಮಹತ್ವವನ್ನು ಈ ಹಿನ್ನೆಲೆಯಲ್ಲಿಯೇ ತಿಳಿಯಬೇಕು. ಮಲೆನಾಡಿನ ಕುಪ್ಪಳಿಯಿಂದ ಬಂದ ಕೆ. ವಿ. ಪುಟ್ಟಪ್ಪನವರು ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದಾಗ ಮೈಸೂರಿನ ರಾಮಕೃಷ್ಣಾಶ್ರಮ ಅವರಿಗೆ ಆಶ್ರಯ ನೀಡಿತು. ಮುಂದೆ 1956ರಿಂದ 1960ರವರೆಗೆ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಅವರು, ಉನ್ನತ ಶಿಕ್ಷಣದಲ್ಲಿ ಕನ್ನಡ ಮಾಧ್ಯಮಕ್ಕಾಗಿ ಶ್ರಮಿಸಿದುದು ಇಂಗ್ಲಿಷಿನ ಆ ಹೆಬ್ಬಾಗಿಲಿನ ಪಕ್ಕದಲ್ಲಿ ಮತ್ತೊಂದು ಬಾಗಿಲನ್ನು ತೆರೆಯುವ ಪ್ರಯತ್ನವೇ ಆಗಿದ್ದಿತು.

1956ರಲ್ಲಿ ರಾಜ್ಯ ವಿಸ್ತಾರಗೊಂಡ ಮೇಲೆ ಹಳೆಯ ವಿಂಗಡಣೆ ಸಾಲದಾಯಿತು. 1958ರಲ್ಲಿ ಸರ್ಕಾರವು ಬ್ರಾಹ್ಮಣರನ್ನುಳಿದು ಎಲ್ಲ ಕೋಮುಗಳನ್ನೂ ಹಿಂದುಳಿದವುಗಳೆಂದು ಎಣಿಸಿ, ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 75 ಸ್ಥಾನಗಳನ್ನು ಮೀಸಲಿಟ್ಟಿತು. ಆ ಕಾಲದ ಇಂತಹ ಆಜ್ಞೆಗಳು ನ್ಯಾಯಾಲಯದ ಪರೀಕ್ಷೆಗೆ ಒಳಗಾದುವು. ಆಗ ನೇಮಕವಾದ ಡಾ. ಆರ್. ನಾಗನಗೌಡ ಸಮಿತಿಯು 1961ರ ವರದಿಯಲ್ಲಿ ಎರಡನೆಯ ಅಳತೆಗೋಲನ್ನು ಮುಂದಿಟ್ಟಿತು. ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಓದುತ್ತಿರುವವರು ಆಯಾ ಕೋಮಿನ ಸಾವಿರ ಜನಕ್ಕೆ ಎಷ್ಟು ಮಂದಿ ಎಂಬುದೇ ಆ ಗಣನೆ. ರಾಜ್ಯದ ಸರಾಸರಿ 6.9; ಎಂದರೆ ಹತ್ತು ಸಾವಿರ ಜನಕ್ಕೆ 69 ವಿದ್ಯಾರ್ಥಿಗಳು. ಸರಾಸರಿಗಿಂತ ಕೆಳಗಿರುವ ಕೋಮುಗಳು ಹಿಂದುಳಿದವು. ಅದರ ಅರ್ಧಕ್ಕಿಂತಲೂ ಕೆಳಗಿರುವವು ಹೆಚ್ಚು ಹಿಂದುಳಿದವು.

1962ನೆಯ ಜುಲೈ 31ರ ಆಜ್ಞೆಯ ಮೂಲಕ ಸರ್ಕಾರವು ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಿಂದುಳಿದವರಿಗೆ ನೂರಕ್ಕೆ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗಳಿಗೆ 15, ಪರಿಶಿಷ್ಟ ಪಂಗಡಗಳಿಗೆ 3, ಒಟ್ಟು 68 ಸ್ಥಾನಗಳನ್ನು ಮೀಸಲಿಟ್ಟಿತು. ಅದೇ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಾಲಾಜಿ ಮೊಕದ್ದಮೆಯಲ್ಲಿ ಈ ಆಜ್ಞೆಯನ್ನು ಅಸಿಂಧುವೆಂದು ಸಾರಿತು. ಜಾತಿಯೊಂದೇ ನಿರ್ಣಾಯಕವಾಗತಕ್ಕದ್ದಲ್ಲ, ಮೀಸಲಾತಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆಯಿರಬೇಕು ಎಂಬುವು ಆ ತೀರ್ಪಿನ ಪ್ರಸಿದ್ಧ ಅಂಶಗಳು. ಸರಾಸರಿಗಿಂತ ತುಸು ಕೆಳಗಿರುವ ಮಾತ್ರಕ್ಕೆ ಒಂದು ವರ್ಗವನ್ನು ಹಿಂದುಳಿದದ್ದೆನ್ನಲಾಗದು, ಸರಾಸರಿಯ ಅರ್ಧಕ್ಕಿಂತ ಕೆಳಗಿರುವುದನ್ನು ಮಾತ್ರ ನಿಸ್ಸಂದೇಹವಾಗಿ ಹಾಗೆನ್ನಬಹುದು ಎಂಬ ವಿಚಾರವಾದರೋ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಹೀಗೆ 6.9 ಮತ್ತು 3.45 ಎಂಬ ಎರಡು ಅಂಕೆಗಳ ನಡುವಣ ಅಂತರದಲ್ಲಿ ಸಾವಿರಾರು ಕುಟುಂಬಗಳ ಭವಿಷ್ಯ ನಿಂತಿತು.

1972ರಲ್ಲಿ ನೇಮಕವಾದ ಎಲ್. ಜಿ. ಹಾವನೂರು ಆಯೋಗವು 1975ರ ವರದಿಯಲ್ಲಿ ಮೂರನೆಯ ಅಳತೆಗೋಲನ್ನು ಬಳಸಿತು. 1972ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾದವರು ಸಾವಿರ ಜನಕ್ಕೆ ಎಷ್ಟು ಮಂದಿ ಎಂಬುದನ್ನು ಅದು ಲೆಕ್ಕ ಹಾಕಿತು. ರಾಜ್ಯದ ಸರಾಸರಿ 1.69. ಶಾಲೆಗೆ ಬರುವುದು ಬೇರೆ, ಅಲ್ಲಿಂದ ಗೆದ್ದು ಹೊರಬರುವುದು ಬೇರೆ ಎಂಬ ವಿವೇಕ ಇದರಲ್ಲಿ ಅಡಗಿದೆ.

ಜನಗಣತಿಯಿಂದ ತರಗತಿಗೆ, ತರಗತಿಯಿಂದ ಪರೀಕ್ಷೆಗೆ ಅಳತೆಗೋಲು ಹೀಗೆ ಹಂತಹಂತವಾಗಿ ವಿಶ್ವವಿದ್ಯಾನಿಲಯದ ಸಮೀಪಕ್ಕೆ ಸರಿದು ಬಂದಿತು. ಆದರೆ ಮೂರೂ ಅದರ ಬಾಗಿಲ ಹೊರಗೇ ನಿಂತುವು. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಸಮುದಾಯದ ಸ್ವರೂಪವು ಬಹುಮಟ್ಟಿಗೆ ಹಳ್ಳಿಯ ಶಾಲೆಯಲ್ಲಿಯೂ ವಿದ್ಯಾರ್ಥಿನಿಲಯದಲ್ಲಿಯೂ ಮೊದಲೇ ನಿರ್ಧಾರವಾಗಿರುತ್ತದೆ ಎಂಬುದನ್ನು ಮೂರು ಸಮಿತಿಗಳೂ ಬೇರೆಬೇರೆ ರೀತಿಯಲ್ಲಿ ಒಪ್ಪಿಕೊಂಡಂತಾಯಿತು.

ಈ ಗಣನೆಗಳ ಮಿತಿಗಳೂ ಗಮನಾರ್ಹವಾದುವು. 1951ರ ಜನಗಣತಿಯಿಂದ ಮುಂದೆ ಪರಿಶಿಷ್ಟ ವರ್ಗಗಳನ್ನುಳಿದು ಜಾತಿವಾರು ಎಣಿಕೆ ನಿಂತುಹೋಗಿದ್ದುದರಿಂದ, ಸಾವಿರಕ್ಕೆ ಇಷ್ಟೆಂದು ಹೇಳಲು ಬೇಕಾದ ಕೋಮುವಾರು ಜನಸಂಖ್ಯೆಯನ್ನು ಅಂದಾಜಿನಿಂದಲೇ ಪಡೆಯಬೇಕಾಗಿದ್ದಿತು. ಇಡೀ ಕೋಮಿನ ಸರಾಸರಿಯು ಆ ಕೋಮಿನೊಳಗಣ ಭೂಮಾಲಿಕನನ್ನೂ ಕೂಲಿಯವನನ್ನೂ, ಗಂಡುಮಗನನ್ನೂ ಹೆಣ್ಣುಮಗಳನ್ನೂ ಬೇರ್ಪಡಿಸಿ ತೋರಿಸದು. ಒಂದು ಕೋಮು ಸರಾಸರಿಯನ್ನು ಮುಟ್ಟಿದಾಗಲೂ ಅದರ ಹೆಣ್ಣುಮಕ್ಕಳು ಬಹು ಹಿಂದೆ ಉಳಿದಿರಬಹುದು.

ಆದುದರಿಂದ ಅಳತೆಗೋಲುಗಳನ್ನು ಕೈಬಿಡಬೇಕೆಂದು ಅರ್ಥವಲ್ಲ. ಎಣಿಸದೆ ಹೋದರೆ ಅನ್ಯಾಯ ಕಾಣುವುದಿಲ್ಲ. ಒಂದೇ ರೀತಿಯಲ್ಲಿ ಎಣಿಸಿದರೆ ಅದರ ಒಂದು ಮುಖ ಮಾತ್ರ ಕಾಣುತ್ತದೆ. ವಿದ್ಯಾರ್ಥಿಯ ಊರು, ತಂದೆಯ ಕಸಬು, ಮಾತೃಭಾಷೆ, ಮೊದಲು ಓದಿದ ಶಾಲೆ ಇವುಗಳನ್ನು ದಾಖಲಿಸಿರುವ ಹಳೆಯ ಪ್ರವೇಶ ಪುಸ್ತಕಗಳು ಕಾಲೇಜುಗಳಲ್ಲಿ ಉಳಿದಿರುವಷ್ಟೂ, ಸಮಿತಿಗಳ ಸರಾಸರಿಗಳು ಹೇಳದ ಸಂಗತಿಗಳನ್ನು ಅವು ಹೇಳಬಲ್ಲುವು. ಅವುಗಳನ್ನು ರದ್ದಿಗೆ ಹಾಕದೆ ಶಾಸನಗಳಂತೆಯೇ ರಕ್ಷಿಸಿ, ವಿದ್ಯಾರ್ಥಿಗಳಿಂದ ಅಭ್ಯಾಸ ಮಾಡಿಸುವುದು ಚರಿತ್ರೆಯ ಅಧ್ಯಾಪಕರ ಕರ್ತವ್ಯವಾಗಿದೆ.