ವಿಧವೆಯ ಪಾಲು: 1933ರ ಮೈಸೂರು ಶಾಸನದ ಹಿನ್ನೆಲೆ

ಮಳವಳ್ಳಿ ತಾಲ್ಲೂಕಿನ ಬಂಡೂರು ತನ್ನ ಕುರಿಯ ತಳಿಯಿಂದ ನಾಡಿನಲ್ಲೆಲ್ಲ ಹೆಸರಾದ ಗ್ರಾಮ. ಈ ಸೀಮೆಯ ಒಕ್ಕಲು ಮನೆತನಗಳಲ್ಲಿ ಹೊಲ, ಮನೆ, ದನಕುರಿಗಳೆಲ್ಲ ಅಣ್ಣತಮ್ಮಂದಿರ ಕೂಡುಸೊತ್ತಾಗಿ ತಲೆಮಾರುಗಳವರೆಗೆ ನಡೆದುಬರುತ್ತಿದ್ದುದು ಸಾಮಾನ್ಯ. ಅಂತಹ ಮನೆಯಲ್ಲಿ ಒಬ್ಬ ಸಹೋದರನು ಗಂಡುಸಂತಾನವಿಲ್ಲದೆ ಮೃತನಾದರೆ ಅವನ ಹೆಂಡತಿಗೆ ಸಲ್ಲತಕ್ಕುದೇನು? ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿಯೇ ಒಂದು ದೀರ್ಘವಾದ ಇತಿಹಾಸವಿದೆ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ವಂಗದೇಶವನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂಗಳ ದಾಯವಿಭಾಗಕ್ಕೆ ಈ ಗ್ರಂಥವೇ ಆಧಾರವಾಯಿತು. ಪುತ್ರರಿಲ್ಲದವನ ಆಸ್ತಿಗೆ ಪತ್ನಿಯೇ ಮೊದಲ ವಾರಸುದಾರಳೆಂದು ಅವನು ಒಪ್ಪಿದನು. ಆದರೆ ಸತ್ತವನು ಸಹೋದರರಿಂದ ವಿಭಕ್ತನಾಗಿರಬೇಕೆಂಬ ನಿಯಮವನ್ನೂ ಅದರೊಡನೆ ಹೇಳಿದನು. ಅವಿಭಕ್ತನಾಗಿದ್ದರೆ ಅವನ ಅಂಶವು ಉಳಿದ ದಾಯಾದಿಗಳಿಗೆ ತಾನಾಗಿಯೇ ಸೇರಿಹೋಗುವುದು. ವಿಧವೆಗೆ ಉಳಿಯುವುದು ಅನ್ನವಸ್ತ್ರದ ಹಕ್ಕು ಮಾತ್ರ.

ಸ್ತ್ರೀಧನದ ವಿಷಯದಲ್ಲಿ ವಿಜ್ಞಾನೇಶ್ವರನ ದೃಷ್ಟಿ ಉದಾರವಾದುದು. ವಾರಸಿನಿಂದ ಬಂದುದೂ ಹೆಂಗಸಿನ ಸ್ತ್ರೀಧನವೇ ಎಂಬುದು ಅವನ ಮತ. 19ನೆಯ ಶತಮಾನದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಇದನ್ನು ಅಂಗೀಕರಿಸಲಿಲ್ಲ. ಗಂಡನಿಂದ ಬಂದ ಆಸ್ತಿಯಲ್ಲಿ ವಿಧವೆಗೆ ಮಿತವಾದ ಅಧಿಕಾರವಷ್ಟೇ ಉಂಟೆಂದೂ, ಅವಳ ತರುವಾಯ ಅದು ಗಂಡನ ವಾರಸುದಾರರಿಗೆ ಹಿಂದಿರುಗತಕ್ಕದ್ದೆಂದೂ ತೀರ್ಮಾನವಾಯಿತು. ಧರ್ಮದತ್ತಿಗಳ ವ್ಯಾಜ್ಯಗಳು ಹುಟ್ಟಿದುದು ಇಲ್ಲಿಂದಲೇ. ವಿಧವೆಯು ಗಂಡನ ಸದ್ಗತಿಗಾಗಿ ದೇವಸ್ಥಾನಕ್ಕೋ ಛತ್ರಕ್ಕೋ ಜಮೀನನ್ನು ಬಿಟ್ಟರೆ, ಮುಂದಿನ ವಾರಸುದಾರರು ಆ ದಾನವು ಅಸಿಂಧುವೆಂದು ದಾವೆ ಹೂಡಬಹುದಾಗಿತ್ತು. ಆಸ್ತಿಯ ಅಲ್ಪಭಾಗವನ್ನು ಅಂತಹ ಪುಣ್ಯಕಾರ್ಯಕ್ಕೆ ಕೊಡಬಹುದೆಂಬ ನ್ಯಾಯವನ್ನು ಪ್ರಿವಿ ಕೌನ್ಸಿಲು 1922ರಲ್ಲಿ ಎತ್ತಿಹಿಡಿಯಿತು.

ಮೈಸೂರು ಸಂಸ್ಥಾನದಲ್ಲಿ ಈ ನ್ಯಾಯವನ್ನು ತಿದ್ದುವ ಯತ್ನವು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಕೈಗೂಡಿತು. ನ್ಯಾಯಮೂರ್ತಿ ಕೆ. ಎಸ್. ಚಂದ್ರಶೇಖರ ಅಯ್ಯರವರ ಅಧ್ಯಕ್ಷತೆಯ ಸಮಿತಿಯು ವಿಷಯವನ್ನು ಪರಿಶೀಲಿಸಿ ವರದಿಯನ್ನೊಪ್ಪಿಸಿತು. ಅದರ ಫಲವೇ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನ. ಆಗ ಮಂಡ್ಯ, ಮದ್ದೂರು, ಮಳವಳ್ಳಿಗಳು ಮೈಸೂರು ಜಿಲ್ಲೆಗೆ ಸೇರಿದ್ದುವು. ಮಂಡ್ಯ ಜಿಲ್ಲೆಯು ಏರ್ಪಟ್ಟುದು 1939ರಲ್ಲಿ. ಕನ್ನಂಬಾಡಿಯ ನೀರು ಇಂದು ವಿಶ್ವೇಶ್ವರಯ್ಯನವರ ಹೆಸರಿರುವ ಇರ್ವಿನ್ ನಾಲೆಯಲ್ಲಿ ಈ ಸೀಮೆಗೆ ಹರಿದುದೂ, ಮಂಡ್ಯದ ಸಕ್ಕರೆ ಕಂಪನಿಯು ಸ್ಥಾಪಿತವಾದುದೂ ಅದೇ ಕಾಲದಲ್ಲಿ. ಖುಷ್ಕಿಯು ತರಿಯಾಗಿ ಕಬ್ಬು ಬೆಳೆಯತೊಡಗಿದ ನೆಲದಲ್ಲಿ ಒಂದೊಂದು ಎಕರೆಯ ಪಾಲೂ ಹಿಂದಿಲ್ಲದ ಬೆಲೆಯುಳ್ಳದ್ದಾಯಿತು.

ಶಾಸನದ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಮೂವರು ಅವಿಭಕ್ತ ಸಹೋದರರಿಗೆ 12 ಎಕರೆ ಪಿತ್ರಾರ್ಜಿತ ಜಮೀನಿದೆ. ಅವರ ತಾಯಿತಂದೆಗಳಿಲ್ಲ, ಮದುವೆಯಾಗದ ಸೋದರಿಯರೂ ಇಲ್ಲ. ನಡುವಿನವನು ಮಕ್ಕಳಿಲ್ಲದೆ, ಹೆಂಡತಿಯನ್ನು ಬಿಟ್ಟು ತೀರಿಕೊಂಡನು. ಹಳೆಯ ನ್ಯಾಯದಂತೆ ಉಳಿದಿಬ್ಬರಿಗೆ ಆರಾರು ಎಕರೆ, ವಿಧವೆಗೆ ನೆಲವಿಲ್ಲ. 1933ರ ಶಾಸನದಂತೆ, ಸಹೋದರರು ಹಿಸ್ಸೆಯಾಗುವಾಗ, ಗಂಡನು ಬದುಕಿದ್ದರೆ ಅವನಿಗೆ ಬರಬಹುದಾಗಿದ್ದ ನಾಲ್ಕು ಎಕರೆಯಲ್ಲಿ ಅರ್ಧ, ಎಂದರೆ ಎರಡು ಎಕರೆ, ವಿಧವೆಗೆ ಸಲ್ಲತಕ್ಕದ್ದು. ಆ ಪಾಲನ್ನು ಬೇರ್ಪಡಿಸಿ ಅವಳ ಸ್ವಾಧೀನಕ್ಕೆ ಕೊಡಬೇಕು. ತಾಯಿಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ಶಾಸನವು ಇದೇ ರೀತಿ ಅಂಶಗಳನ್ನು ಗೊತ್ತುಮಾಡಿತು. ಸ್ತ್ರೀಧನದ ವ್ಯಾಪ್ತಿಯನ್ನೂ ಹಿಗ್ಗಿಸಿ, ವಿಜ್ಞಾನೇಶ್ವರನ ಮತಕ್ಕೆ ಒಂದಿಷ್ಟು ಹತ್ತಿರ ತಂದಿತು.

ಆದರೂ ಒಂದು ಕೊರತೆ ಉಳಿಯಿತು. ಈ ಪಾಲು ದೊರೆಯುತ್ತಿದ್ದುದು ಗಂಡಸರು ಹಿಸ್ಸೆಯಾದಾಗ, ಇಲ್ಲವೆ ಮನೆಯ ಸೊತ್ತೆಲ್ಲವೂ ಉಳಿದ ಒಬ್ಬನೇ ದಾಯಾದಿಗೆ ಸೇರಿದಾಗ. ಅಣ್ಣತಮ್ಮಂದಿರು ಒಟ್ಟಿಗೇ ಇದ್ದರೆ ವಿಧವೆಯು ಕಾಯಬೇಕಾಗಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ನಾಲ್ಕು ವರ್ಷಗಳ ತರುವಾಯ, 1937ರಲ್ಲಿ, ಬಂದ ಕಾಯಿದೆಯು ವಿಧವೆಗೆ ಗಂಡನ ಪೂರ್ಣಾಂಶವನ್ನೂ ಹಿಸ್ಸೆ ಕೇಳುವ ಹಕ್ಕನ್ನೂ ಕೊಟ್ಟಿತು, ಆದರೆ ಮಿತಾಧಿಕಾರದೊಡನೆ. ಅದು ಪ್ರಾಂತಗಳ ವ್ಯವಸಾಯದ ಜಮೀನಿಗೆ ಅನ್ವಯಿಸದೆಂದು 1941ರಲ್ಲಿ ಫೆಡರಲ್ ಕೋರ್ಟು ಹೇಳಿತು. ಮೈಸೂರಿನ ಶಾಸನಕ್ಕೆ ಆ ತೊಡಕಿರಲಿಲ್ಲ. ಒಕ್ಕಲುತನದ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವಿಧವೆಯನ್ನು ಮೊದಲ ವರ್ಗದ ವಾರಸುದಾರರಲ್ಲಿ ಸೇರಿಸಿತು. ಆಕೆಯ ಸ್ವಾಧೀನದಲ್ಲಿದ್ದ ಮಿತಾಧಿಕಾರದ ಆಸ್ತಿಯನ್ನು ಸಾಮಾನ್ಯವಾಗಿ ಪೂರ್ಣಾಧಿಕಾರದ್ದನ್ನಾಗಿಸಿತು. ಮೇಲಿನ ಲೆಕ್ಕದ ಸಹೋದರನು ಈ ಕಾಯಿದೆಯು ಬಂದ ಮೇಲೆ ಮರಣಶಾಸನವಿಲ್ಲದೆ ತೀರಿಕೊಂಡಿದ್ದರೆ ಅವನ ಹೆಂಡತಿಗೆ ನಾಲ್ಕು ಎಕರೆಯೂ ಸಲ್ಲುತ್ತಿತ್ತು.

ಸಾಮಾನ್ಯವಾಗಿ ವಾರಸನ್ನು ನಿರ್ಣಯಿಸುವುದು ಸತ್ತ ದಿನದಲ್ಲಿ ಜಾರಿಯಲ್ಲಿದ್ದ ನ್ಯಾಯ. ಆದಕಾರಣ ಹಳೆಯ ಖಾತೆಯೊಂದರ ತಕರಾರು ತಲೆದೋರಿದಾಗ, ಆತನು ತೀರಿಕೊಂಡುದು ಯಾವ ವರ್ಷ, ಆಗ ವಿಭಕ್ತನಾಗಿದ್ದನೋ ಅವಿಭಕ್ತನಾಗಿದ್ದನೋ, ಹಿಸ್ಸೆ ನಡೆದುದು ಎಂದು, ಈ ಮೂರನ್ನೂ ಮೊದಲು ವಿಚಾರಿಸತಕ್ಕದ್ದು. ಮನೆಯ ಹಳೆಯ ವಿಭಾಗಪತ್ರಗಳನ್ನು ಜೋಪಾನಮಾಡಿದ ಕುಟುಂಬಗಳಲ್ಲಿ ಅಜ್ಜಿಮುತ್ತಜ್ಜಿಯರ ಹಕ್ಕೂ ಜೋಪಾನವಾಗಿ ಉಳಿದಿರುವುದು ಸಾಧ್ಯ.