ಆಟ ಕಟ್ಟುವ ವಿದ್ಯೆ ಕಾಲೇಜಿಗೆ ಬಂದ ಬಗೆ

1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆ್ಯಕ್ಟಿವ್ ಎಂಬ ಆಟದ ಕಂಪನಿ ಆರಂಭಿಸಿದಾಗ, ಕಂಪ್ಯೂಟರ್ ಆಟ ಮಾಡುವುದನ್ನು ಕಲಿಸುವ ಕಾಲೇಜು ನಮ್ಮಲ್ಲಿರಲಿಲ್ಲ. ಚಿತ್ರಕಲೆ ಬಲ್ಲವರು, ಎಂಜಿನಿಯರಿಂಗ್ ಓದಿದವರು ಕೆಲಸಕ್ಕೆ ಸೇರಿ ಅಲ್ಲಿಯೇ ಪಳಗಬೇಕಿತ್ತು. ಅದೇ ವರ್ಷ ಸ್ಕಾಟ್ಲೆಂಡಿನ ಅಬರ್ಟೇ ವಿಶ್ವವಿದ್ಯಾಲಯ ಈ ವಿಷಯಕ್ಕೇ ಮೀಸಲಾದ ಪದವಿಯನ್ನು ತೆರೆಯಿತು. ಕೆನಡಾದ ಡಿಜಿಪೆನ್ ಸಂಸ್ಥೆ ನಿಂಟೆಂಡೊ ಜೊತೆಗೂಡಿ 1994ರಲ್ಲೇ ಪಾಠ ಶುರುಮಾಡಿತ್ತು.

ಧ್ರುವಕ್ಕೆ ಹೆಸರು ತಂದದ್ದು ಹೊರದೇಶದ ಆಟಗಳಿಗೆ ಮಾಡಿಕೊಟ್ಟ ಚಿತ್ರಕೆಲಸ; ಕಾರ್ ಓಟದ ಫೋರ್ಜಾ ಸರಣಿಯ ಕಾರುಗಳು ಅದರಲ್ಲಿ ಸೇರಿವೆ. 2019ರಲ್ಲಿ ಆಟ ತಯಾರಿಸುವ ರಾಕ್‌ಸ್ಟಾರ್ ಕಂಪನಿ ಧ್ರುವವನ್ನು ಕೊಂಡುಕೊಂಡಿತು. ಉದ್ಯಮ ಬೆಳೆದ ಈ ದಾರಿಯೇ ನಮ್ಮ ತರಬೇತಿಯನ್ನೂ ರೂಪಿಸಿತು ಎಂದು ನನ್ನ ನಂಬಿಕೆ. ಅನಿಮೇಷನ್ ಕೇಂದ್ರಗಳು ಮಾಯಾ, ತ್ರೀಡಿಎಸ್ ಮ್ಯಾಕ್ಸ್‌ನಂಥ ಚಿತ್ರ ತಂತ್ರಾಂಶಗಳನ್ನು ಕಲಿಸಿದವು. ಆಟದಲ್ಲಿ ಏನಾಗಬೇಕು, ಏಕೆ ಆಗಬೇಕು ಎಂಬ ತೀರ್ಮಾನ ಮಾತ್ರ ಬೇರೆಯವರ ಕೈಯಲ್ಲೇ ಉಳಿಯಿತು.

ಆ ತೀರ್ಮಾನವೇ ವಿನ್ಯಾಸ. ಮೈಸೂರಿಗೆ ಅದು ಹೊಸದಲ್ಲ. ಅಲ್ಲಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳನ್ನೂ ಛದ ಎಂಬ ಎಲೆಯಾಟಗಳನ್ನೂ ಸ್ವತಃ ರಚಿಸಿದರು. ಅವುಗಳಲ್ಲಿ ದೊಡ್ಡದಕ್ಕೆ 360 ಎಲೆಗಳು. ಚದುರಂಗದ ಕುದುರೆ ಪ್ರತಿ ಮನೆಯನ್ನೂ ಒಮ್ಮೆಯಷ್ಟೇ ಮುಟ್ಟಿ ಬರುವ ದಾರಿಗಳನ್ನು ಬಿಡಿಸಿಟ್ಟರು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಆಟಗಳದೇ ವಿವರಣೆಯಿದೆ. ಹಳ್ಳಿಯ ಜಗಲಿಯ ಹುಲಿ-ಕುರಿ ಆಟವನ್ನೇ ತೆಗೆದುಕೊಳ್ಳಿ. ಒಂದು ಬಗೆಯಲ್ಲಿ ಮೂರು ಹುಲಿ, ಹದಿನೈದು ಕುರಿ. ಎರಡು ಕುರಿ ತೆಗೆದು ಹತ್ತು ಸಲ ಆಡಿದರೆ ಗೆಲುವು ಯಾವ ಕಡೆ ವಾಲುತ್ತದೆಂದು ವಿದ್ಯಾರ್ಥಿ ಕಣ್ಣಾರೆ ಕಾಣುತ್ತಾನೆ. ಸ್ಟುಡಿಯೋದವರು ಬ್ಯಾಲೆನ್ಸಿಂಗ್, ಪ್ಲೇಟೆಸ್ಟ್ ಎನ್ನುವುದು ಇದಕ್ಕೇ. ಆಟದ ವಿನ್ಯಾಸ ಕಲಿಸುವ ಟ್ರೇಸಿ ಫುಲರ್ಟನ್ ಅವರ ಪಠ್ಯಪುಸ್ತಕವೂ ಕಾಗದದ ಮೇಲಿನ ಮಾದರಿಗೆ ಮೊದಲ ಸ್ಥಾನ ಕೊಡುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಕಂಪ್ಯೂಟರ್ ಮುಚ್ಚಿಟ್ಟು ಇದನ್ನೇ ಮಾಡಿಸಬೇಕು.

ಕಲಿಕೆಗೆ ನೆರವೂ ಬಂದಿದೆ. ಕರ್ನಾಟಕ ಸರ್ಕಾರ 2012ರಲ್ಲಿ ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್‌ಗೆ ನೀತಿ ತಂದಿತು. 2023ರಲ್ಲಿ ಬೆಂಗಳೂರಿನ ಮಹದೇವಪುರದಲ್ಲಿ ಇದೇ ಕ್ಷೇತ್ರಗಳಿಗೆ ಉತ್ಕೃಷ್ಟತಾ ಕೇಂದ್ರ ತೆರೆಯಿತು. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಆವರಣದಲ್ಲಿ ಡಿಜಿಟಲ್ ಗೇಮ್ ಡಿಸೈನ್ ಸ್ನಾತಕೋತ್ತರ ಓದು ಇದೆ. ಪುಣೆಯ ನಾಡಿಂಗ್ ಹೆಡ್ಸ್ 2020ರಲ್ಲಿ ತಂದ 'ರಾಜಿ' ಎಂಬ ಆಟ, ಕಥೆಯಿಂದ ಹಿಡಿದು ಹೋರಾಟದ ನಿಯಮದವರೆಗೆ ಇಲ್ಲೇ ಕಟ್ಟಬಲ್ಲೆವೆಂದು ತೋರಿಸಿತು.

ಕೆಲಸದ ಮಾತಿಗೆ ಬಂದರೆ, ಆಗಸ್ಟ್ 2025ರ ಕೇಂದ್ರ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆ ಕಂಪನಿಗಳಲ್ಲಿದ್ದ ಅನೇಕರು ಕೆಲಸ ಕಳೆದುಕೊಂಡರು. ಉಳಿದ ಸ್ಟುಡಿಯೋಗಳಲ್ಲಿ ಹೊಸಬರಿಗೆ ಬಾಗಿಲು ತೆರೆಯುವುದು ಹೆಚ್ಚಾಗಿ ಪೋರ್ಟ್‌ಫೋಲಿಯೊ: ಆಟ ಕಟ್ಟುವ ತಂತ್ರಾಂಶಗಳಾದ ಯೂನಿಟಿಯಲ್ಲೋ ಗೊಡೊದಲ್ಲೋ ಮಾಡಿ ಮುಗಿಸಿದ ಎರಡು ಮೂರು ಪುಟ್ಟ ಆಟಗಳು, 48 ಗಂಟೆಯೊಳಗೆ ಆಟ ಕಟ್ಟುವ ಗೇಮ್ ಜ್ಯಾಮಿನಲ್ಲಿ ತಂಡದೊಡನೆ ಕಟ್ಟಿದ್ದೊಂದು. ಆದ್ದರಿಂದ ಕಾಲೇಜು ಸೇರುವ ಮುನ್ನ, ಹಿಂದಿನ ವರ್ಷದ ವಿದ್ಯಾರ್ಥಿಗಳು ಮಾಡಿದ ಆಟಗಳನ್ನು ಕೇಳಿ ಪಡೆದು ಆಡಿ ನೋಡಿ. ತೋರಿಸಲು ಆಟವೇ ಇಲ್ಲದ ಕಡೆ ಲಕ್ಷಗಟ್ಟಲೆ ಶುಲ್ಕ ಕಟ್ಟಬೇಡಿ.